ಕುದಿಸಬಾರದ ಚಹಾ

ಹಾಲ್ಕುರಿಕೆಯ ತೋಟದ ಮನೆಯೊಂದಕ್ಕೆ ಕಳೆದ ಮಳೆಗಾಲದಲ್ಲಿ ನೀಲಗಿರಿಯ ಎಲೆ ಚಹಾ ಬಂತು. ಅಮ್ಮ ಎಂದಿನಂತೆ ತೆಂಗಿನ ಚಿಪ್ಪಿನ ಉರಿಯಲ್ಲಿ, ಬೆಲ್ಲ ಹಾಕಿ ಹತ್ತು ನಿಮಿಷ ಕುದಿಸಿದರು. ಬರೀ ಒಗರು. "ಇದೇನೋ ಮಗ, ಅಳಲೆಕಾಯಿ ಕಷಾಯ ಇದ್ದಂಗಿದೆ!" ಎಂದು ಲೋಟ ಕೆಳಗಿಟ್ಟರು.

ತಪ್ಪು ಎಲೆಯದಲ್ಲ. ಅಂಗಡಿಯ ಕಾಳಿನಂಥ ಚಹಾ, 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂದ ಯಂತ್ರದ ಕೂಸು. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿದ್ದು. ಹಾಲಿನೊಡನೆ ಕುದಿದರೂ ಅದು ತಾಳುತ್ತದೆ. ಇಡೀ ಎಲೆಯನ್ನು ಹಾಗೆ ಕುದಿಸಿದರೆ ಒಗರೆಲ್ಲ ನೀರಿಗಿಳಿಯುತ್ತದೆ.

ಪಿಯುಸಿ ಓದುವ ಮಗ ಮರುದಿನ ಕುದಿದ ನೀರನ್ನು ಇಳಿಸಿ, ಎಲೆ ಹಾಕಿ, ನಾಲ್ಕು ನಿಮಿಷ ಮುಚ್ಚಿಟ್ಟ. ಎರಡು ಪಾತ್ರೆ. ಕೊಳವೆಬಾವಿಯ ಗಡಸು ನೀರಿನದು ಮಂಕಾಗಿ, ಮೇಲೆ ತೆಳುವಾದ ಪೊರೆ ಕಟ್ಟಿತು. ಸೂರಿನಿಂದ ಹಿಡಿದ ಮಳೆನೀರಿನದು ತಿಳಿಗೆಂಪು! ಮಂಕಾದುದಕ್ಕೆ ನಿಂಬೆರಸ ಹಿಂಡಿದಾಗ ಪೊರೆಯೂ ಕರಗಿತು, ಬಣ್ಣವೂ ತಿಳಿಯಾಯಿತು. ಹಸಿರು ಚಹಾವೂ ಇದೇ ಗಿಡದ್ದೇ. ಕೊಯ್ದ ಎಲೆಯನ್ನು ಬೇಗನೆ ಬಿಸಿಮಾಡಿ ಕಪ್ಪಾಗದಂತೆ ತಡೆದಿರುತ್ತಾರೆ. ಅದಕ್ಕೆ 80 ಡಿಗ್ರಿ ಶಾಖ ಸಾಕು. ಕುದಿದ ನೀರನ್ನು ಕೆಲವು ನಿಮಿಷ ತೆರೆದಿಟ್ಟರಾಯಿತು.

ಆದರೆ ಮನೆಯ ಚಿಂತೆ ಬೇರೆಯಿತ್ತು. ಎಸ್ಸೆಸ್ಸೆಲ್ಸಿ ಓದುವ ಮಗಳಿಗೆ ರಕ್ತ ಕಡಿಮೆಯೆಂದು ವೈದ್ಯರು ಹೇಳಿದ್ದರು. ಅವಳಿಗೋ ಮುದ್ದೆ ಉಂಡ ಕೈ ತೊಳೆಯುತ್ತಲೇ ಚಹಾ ಬೇಕು. ಚಹಾದ ಒಗರು ರಾಗಿ, ಸೊಪ್ಪುಗಳ ಕಬ್ಬಿಣವನ್ನು ಹಿಡಿದಿಟ್ಟು, ಮೈಗೆ ಹತ್ತಗೊಡುವುದಿಲ್ಲ. ಚಹಾವನ್ನೇ ಬಿಡಿಸಲು ಅಪ್ಪ ಹೊರಟಿದ್ದರು. ಊಟವಾಗಿ ಒಂದು ಗಂಟೆಯಾದರೂ ಕಳೆಯಲಿ ಎಂಬಲ್ಲಿಗೆ ರಾಜಿಯಾಯಿತು. ವೈದ್ಯರು ಕೊಟ್ಟ ಮಾತ್ರೆಯಂತೂ ತಪ್ಪುವಂತಿಲ್ಲ.

ಈಗ ಗಡಿಯಾರ ನೋಡುವ ಕೆಲಸ ಅಮ್ಮನದು. ತಮ್ಮ ಲೋಟದ ಬೆಲ್ಲವನ್ನು ಮಾತ್ರ ಅವರು ಬಿಟ್ಟಿಲ್ಲ.