ಗುಮ್ಮಟಗಳ ಮೇಲಿನ ಆಕಾಶ

ಕಲಬುರಗಿಯ ರೋಜಾ ಎಂದಕೂಡಲೇ ನೆನಪಾಗುವುದು ಖಾಜಾ ಬಂದೇನವಾಜರ ದರ್ಗಾ. ಅಲ್ಲಿಂದ ತುಸು ದೂರದಲ್ಲೇ ಹಫ್ತ್ ಗುಂಬಜ್, ಬಹಮನಿ ಮನೆತನದ ಸಮಾಧಿಗಳು. ಅವುಗಳಲ್ಲಿ ದೊಡ್ಡದು ಜೋಡಿ ಗುಮ್ಮಟಗಳ ಫಿರೋಜ್ ಷಾ ಸಮಾಧಿ.

1397ರಿಂದ 1422ರವರೆಗೆ ಆಳಿದ ಈ ಸುಲ್ತಾನನಿಗೆ ಖಗೋಳಶಾಸ್ತ್ರವೆಂದರೆ ಬಲು ಆಸಕ್ತಿ. 1407ರಲ್ಲಿ ದೌಲತಾಬಾದಿನ ಬಳಿ ವೀಕ್ಷಣಾಲಯ ಕಟ್ಟಿಸಲು ಹೊರಟಿದ್ದನೆಂದು ಚರಿತ್ರೆಕಾರ ಫೆರಿಸ್ತಾ ಬರೆದಿದ್ದಾನೆ. ಹೊಣೆ ಹೊತ್ತಿದ್ದ ಹಕೀಮ್ ಹಸನ್ ಗಿಲಾನಿ ತೀರಿಕೊಂಡದ್ದರಿಂದ ಕೆಲಸ ಅರ್ಧಕ್ಕೇ ನಿಂತಿತು.

ಇಂದು ನಕ್ಷತ್ರಗಳ ಚಿತ್ರ ಹಿಡಿಯಲು ವೀಕ್ಷಣಾಲಯವೇ ಬೇಕೆಂದಿಲ್ಲ. ಮನೆಯ ಮಾಳಿಗೆ, ಅಲುಗದ ಸ್ಟ್ಯಾಂಡು, ಷಟರ್ ತೆರೆದಿಡಬಲ್ಲ ಕ್ಯಾಮೆರಾ ಇದ್ದರೆ ಸಾಕು. ಇಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಸುಮಾರು 17 ಡಿಗ್ರಿ ಎತ್ತರದಲ್ಲಿದೆ. ಕೈ ಚಾಚಿ ಹಿಡಿದರೆ ಎರಡು ಮುಷ್ಟಿಗೂ ಕಡಿಮೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಉಳಿದ ಚುಕ್ಕೆಗಳು ಅದರ ಸುತ್ತ ಕಮಾನುಗಳಾಗಿ ಮೂಡುತ್ತವೆ. ಊರ ದೀಪಗಳ ಕಾಟವಿದ್ದರೆ ಕಮಲಾಪುರದ ಕಡೆಯ ಹೊಲಗಳು ಲೇಸು.

ಈ ಹವ್ಯಾಸ ಬರೀ ಚಂದದ ಚಿತ್ರಕ್ಕಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ನಗರದ ಹತ್ತಿರದ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾದೀತೆಂದು ಮಕ್ಕಳನ್ನು ಕುತ್ತಿಗೆವರೆಗೆ ಹೂತಿದ್ದರು. ಹೆತ್ತವರ ಸಂಕಟ ನಿಜ. ಗ್ರಹಣದಲ್ಲಿ ಮದ್ದಿಲ್ಲ, ಅದು ಚಂದ್ರನ ನೆರಳು ಮಾತ್ರ.

ಇದನ್ನು ಮಕ್ಕಳೇ ಕಂಡುಕೊಳ್ಳಬಹುದು. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು ಬಿಳಿ ಹಾಳೆಯ ಮೇಲೆ ಬಿಂಬ ಹಿಡಿಯಲಿ. ಆ ಬಿಂಬದ ಫೋಟೋ ತೆಗೆಯಲಿ. ಕಣ್ಣನ್ನಾಗಲೀ ಕ್ಯಾಮೆರಾವನ್ನಾಗಲೀ ನೇರ ಸೂರ್ಯನತ್ತ ತಿರುಗಿಸುವುದು ಬೇಡ. 2027ರ ಆಗಸ್ಟ್ 2ರ ಸಂಜೆ ಇಲ್ಲಿ ಪಾರ್ಶ್ವ ಗ್ರಹಣವಿದೆ. ಅಂದು ಮಕ್ಕಳನ್ನು ಒಳಗೆ ಕೂಡಿಹಾಕದೆ, ತಂದೆತಾಯಿಯರೂ ಜೊತೆಗೆ ಮಾಳಿಗೆ ಏರಲಿ.