ಮದುವೆಯೊಂದರ ಕಡತ

ನಮ್ಮ ಕಾಲದಲ್ಲಿ ಮದುವೆಯಾಯಿತೆಂಬುದಕ್ಕೆ ಪುರಾವೆ ಕೇಳುವವರಿರಲಿಲ್ಲ. ಊರಿಗೆ ಊರೇ ಬಂದು ಉಂಡು ಹೋಗಿರುತ್ತಿತ್ತು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ನನ್ನ ಮದುವೆಯ ದಾಖಲೆಯೆಂದು ಉಳಿದಿರುವುದು ಒಂದು ಲಗ್ನಪತ್ರಿಕೆ, ಮಾಸಿದ ಎಂಟು ಕಪ್ಪು-ಬಿಳುಪು ಚಿತ್ರಗಳು, ಅಷ್ಟೇ. ಅಂಥ ನನಗೆ ನಿವೃತ್ತಿಯ ನಂತರ, ಮಗಳ ಮದುವೆ ನಿಜವಾದದ್ದೆಂದು ಪರದೇಶದ ಸರ್ಕಾರಕ್ಕೆ ರುಜುವಾತು ಮಾಡುವ ಕೆಲಸದಲ್ಲಿ ಎರಡೂವರೆ ವರ್ಷ ಕೈಜೋಡಿಸುವ ಯೋಗ ಒದಗಿತು. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ತಮ್ಮ ಮಕ್ಕಳ ಸಲುವಾಗಿ ಇದೇ ಹಾದಿಯಲ್ಲಿರುವುದನ್ನು ಬಲ್ಲೆ. ಅವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮದುವೆ ನಡೆದದ್ದು 2019ರ ಫೆಬ್ರವರಿಯಲ್ಲಿ, ಶಿವಮೊಗ್ಗದಲ್ಲಿ. ನಮ್ಮ ಅಳಿಯಂದಿರು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಅಮೆರಿಕದ ಪೌರತ್ವ ಪಡೆದವರು. ಅಲ್ಲಿಯ ಪೌರರ ಪತಿ ಅಥವಾ ಪತ್ನಿಗೆ ಕೊಡುವ ವೀಸಾಕ್ಕೆ ವಾರ್ಷಿಕ ಮಿತಿಯಿಲ್ಲ. ಗ್ರೀನ್ ಕಾರ್ಡ್ ಮಾತ್ರ ಇರುವವರ ಸಂಗಾತಿಗಾದರೆ ಮಿತಿಯೂ ಉಂಟು, ಸರತಿಯೂ ಉಂಟು. "ಅಲ್ಲಿಯವರೆಗೆ ಪ್ರವಾಸಿ ವೀಸಾದಲ್ಲಿ ಹೋಗಿ ಬರಲಿ" ಎಂದು ನೆಂಟರು ಸಲಹೆಯಿತ್ತರು. ಆದರೆ ಪ್ರವಾಸಿ ವೀಸಾ ಬೇಡುವವರು ತಾವು ಮರಳಿ ಬರುವೆವೆಂದು ಅಧಿಕಾರಿಗೆ ಮನಗಾಣಿಸಬೇಕು. ಗಂಡನ ಮನೆಯಲ್ಲಿ ಶಾಶ್ವತವಾಗಿ ನೆಲೆಸಲು ಅರ್ಜಿ ಹಾಕಿಕೊಂಡವಳು ಅದನ್ನು ಹೇಗೆ ಮನಗಾಣಿಸಿಯಾಳು?

ಮೊದಲು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿವಾಹ ನೋಂದಣಿಯಾಯಿತು. ಆ ಪ್ರಮಾಣಪತ್ರದೊಡನೆ ಅಳಿಯಂದಿರು ಅಲ್ಲಿಯ ವಲಸೆ ಇಲಾಖೆಗೆ ಐ-130 ಎಂಬ ಅರ್ಜಿ ಸಲ್ಲಿಸಿದರು. ಅದು ಮಂಜೂರಾದ ಮೇಲೆ ಕಡತ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ; ಆಗ ಮಗಳು ಡಿಎಸ್-260 ಎಂಬ ನಮೂನೆ ತುಂಬಬೇಕು, ಜನನ ಪ್ರಮಾಣಪತ್ರ, ಪೊಲೀಸ್ ಪ್ರಮಾಣಪತ್ರಗಳನ್ನು ಒದಗಿಸಬೇಕು. ಕೊನೆಯದು ವೈದ್ಯಕೀಯ ಪರೀಕ್ಷೆ ಮತ್ತು ಮುಂಬಯಿಯ ಕಾನ್ಸುಲೇಟಿನಲ್ಲಿ ಸಂದರ್ಶನ.

ಹೆಸರಿನದೇ ಒಂದು ಪ್ರಕರಣವಾಯಿತು. ನಮ್ಮಲ್ಲಿ ಮನೆತನದ ಹೆಸರಿನ ರೂಢಿಯಿಲ್ಲ, ಇನಿಷಿಯಲ್ಲೇ ಸಾಕು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಲಮು ಖಾಲಿಯಿದ್ದರೆ ಅಮೆರಿಕದವರು ಇರುವ ಹೆಸರನ್ನೇ ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರೆಯುತ್ತಾರೆ. ಹೆಸರು ತಿಳಿಯದು ಎಂದು ಅದರರ್ಥ! ಇದನ್ನು ಕೇಳಿದ ನನ್ನ ಪತ್ನಿ, "ನಾಮಕರಣಕ್ಕೆ ಅಷ್ಟು ಖರ್ಚು ಮಾಡಿದ್ದು ಇದಕ್ಕೇನು?" ಎಂದಳು. ಮಗಳ ಪಾಸ್‌ಪೋರ್ಟನ್ನು ತಿದ್ದಿಸಿಯೇ ಮುಂದುವರಿದೆವು.

ಆಮೇಲೆ ಬಂದದ್ದು ಮದುವೆ ನಿಜವೆಂಬುದರ ಪುರಾವೆ. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಮದುವೆಗೆ ಮುಂಚಿನ ಒಡನಾಟದ ದಾಖಲೆ ಎಲ್ಲಿಂದ ಬರಬೇಕು? ಆಲ್ಬಮ್ಮಿನಿಂದ ಮೂವತ್ತು ಚಿತ್ರಗಳನ್ನು ಆರಿಸಿ, ಪ್ರತಿಯೊಂದರ ಕೆಳಗೂ ಇವರು ಯಾರೆಂದು ಬರೆದೆವು. ನನ್ನ ಭಾವ, ಚಿಕ್ಕಪ್ಪ, ಷಡ್ಡಕ, ಸೋದರಮಾವ ಎಲ್ಲರೂ ಇಂಗ್ಲಿಷಿನಲ್ಲಿ 'ಅಂಕಲ್' ಆಗಿಹೋದರು. ವಿಮಾನದ ಟಿಕೆಟ್ಟುಗಳು, ವಿಮೆಯಲ್ಲಿ ಪತ್ನಿಯ ನಾಮನಿರ್ದೇಶನ, ದಿನವಹಿ ಕರೆಗಳ ಪಟ್ಟಿ ಇವೆಲ್ಲ ಸೇರಿದವು. ಗಂಡಹೆಂಡಿರ ನಡುವಿನದನ್ನು ಪರರ ಮುಂದೆ ಹರಡುವುದು ಮಗಳಿಗೆ ಹಿಂಸೆಯೆನಿಸುತ್ತಿತ್ತು. ಹುಸಿ ಮದುವೆಗಳನ್ನು ತಡೆಯಲೆಂದೇ ಅಮೆರಿಕವು 1986ರಲ್ಲಿ ಕಾನೂನನ್ನು ಬಿಗಿಗೊಳಿಸಿದೆ. ಅನುಮಾನ ನಿನ್ನೊಬ್ಬಳ ಮೇಲಲ್ಲ ಎಂದು ಸಮಾಧಾನ ಹೇಳಿದೆ.

ಹೆಣ್ಣು ಹೆತ್ತವರು ಗಮನಿಸಬೇಕಾದ ಮಾತೊಂದಿದೆ. ಐ-864 ಎಂಬ ಪತ್ರದಲ್ಲಿ ವರನು ತನ್ನ ವರಮಾನ ಅಲ್ಲಿಯ ಬಡತನದ ಮಾನದಂಡದ ಶೇಕಡಾ 125ಕ್ಕೆ ಕಡಿಮೆಯಿಲ್ಲವೆಂದು ತೆರಿಗೆ ದಾಖಲೆಗಳೊಡನೆ ತೋರಿಸಬೇಕು. ಹೆಂಡತಿಯ ಪೋಷಣೆಯ ಹೊಣೆಗೆ ಸಹಿ ಹಾಕಬೇಕು. ವಿಚ್ಛೇದನವಾದ ಮಾತ್ರಕ್ಕೆ ಆ ಹೊಣೆ ಕಳಚದು. ಮದುವೆಯ ಮಾತುಕತೆಯಲ್ಲಿ ಕೇಳಲು ನಾವು ಸಂಕೋಚಪಡುವುದನ್ನು ಆ ಸರ್ಕಾರ ನಿಸ್ಸಂಕೋಚವಾಗಿ ಕೇಳುತ್ತದೆ. ಆ ಕಡತದಲ್ಲಿ ನನಗೆ ಹಿಡಿಸಿದ ಹಾಳೆ ಅದೊಂದೇ.

ಅಳಿಯಂದಿರು ಮದುವೆಯಾದ ಮೂರು ವಾರಕ್ಕೆ ಹಿಂದಿರುಗಿದ್ದರು. 2019ರ ಡಿಸೆಂಬರಿನಲ್ಲಿ ಇನ್ನೊಮ್ಮೆ ಮೂರು ವಾರ ಬಂದು ಹೋದರು. 2020ರ ಮಾರ್ಚಿನಲ್ಲಿ ಕೊರೊನಾ ಬಂದಿತು. ಅಮೆರಿಕದ ಕಾನ್ಸುಲೇಟುಗಳು ನಿತ್ಯದ ವೀಸಾ ಕೆಲಸ ನಿಲ್ಲಿಸಿದವು. ವಿದೇಶೀ ವಿಮಾನಗಳ ಎಂದಿನ ಹಾರಾಟವೂ ನಿಂತಿತು. ದಾಖಲೆಗಳೆಲ್ಲ ಸರಿಯಿವೆಯೆಂಬ ಸಂದೇಶವೇನೋ ಬಂದಿತು. ಸಂದರ್ಶನದ ದಿನಾಂಕ ಮಾತ್ರ ಬರಲಿಲ್ಲ. ಮಗಳು ಕೆಲಸ ಬಿಟ್ಟಾಗಿತ್ತು. ಕಂಡಕಂಡವರು "ಇನ್ನೂ ಹೊರಡಲಿಲ್ಲವೇ?" ಎಂದು ಕೇಳುವರೆಂದು ದೇವಸ್ಥಾನಕ್ಕೆ ಹೋಗುವುದನ್ನೂ ಬಿಟ್ಟಳು.

2021ರ ಮೇ ತಿಂಗಳಲ್ಲಿ ನನ್ನ ಪತ್ನಿಗೆ ಸೋಂಕು ತಗುಲಿತು. ಆಸ್ಪತ್ರೆಯಲ್ಲಿ ಹಾಸಿಗೆ ದೊರೆಯದೆ ಮನೆಯಲ್ಲೇ ಆರೈಕೆ ಮಾಡಬೇಕಾಯಿತು. ನಮ್ಮ ರಾತ್ರಿ ಎರಡು ಗಂಟೆಯೆಂದರೆ ಅಳಿಯಂದಿರಿಗೆ ಮಧ್ಯಾಹ್ನ ಒಂದೂವರೆ. ಒಂಬತ್ತು ರಾತ್ರಿ ಅವರು ಕರೆಯನ್ನು ಕಡಿಯದೆ ತಮ್ಮ ಕೆಲಸದ ಮೇಜಿನ ಮೇಲೇ ಇಟ್ಟುಕೊಂಡಿದ್ದರು. ಗಂಟೆಗೊಮ್ಮೆ ಮಗಳು ಆಕ್ಸಿಮೀಟರಿನ ಅಂಕಿ ಓದುವಳು, ಅವರು ಬರೆದುಕೊಳ್ಳುವರು. ಅವಳು ತೂಕಡಿಸಿದರೆ ಹೊತ್ತಿಗೆ ಸರಿಯಾಗಿ ಕರೆದು ಎಬ್ಬಿಸುವರು. "ಅಪ್ಪ, ಈಗ ಸಂದರ್ಶನಕ್ಕೆ ಕರೆ ಬಂದರೂ ನಾನು ಹೋಗುವುದಿಲ್ಲ" ಎಂದು ಒಂದು ರಾತ್ರಿ ಅವಳೆಂದಾಗ ಫೋನಿನಿಂದಲೇ ಉತ್ತರ ಬಂದಿತು: "ಬೇಡ. ಅತ್ತೆ ಮೊದಲು ಎದ್ದು ಕೂರಲಿ. ಇಷ್ಟು ದಿನ ಕಾದವರಿಗೆ ಇನ್ನಷ್ಟು ಹೆಚ್ಚಲ್ಲ." ಪತ್ನಿ ಗುಣಮುಖಳಾದಳು. ಕರೆಗಳ ಪಟ್ಟಿಗೆ ಮೇ ತಿಂಗಳ ಹಾಳೆಯೂ ಸೇರಿತು. ಅದರಲ್ಲಿರುವುದು ದಿನಾಂಕ ಮತ್ತು ನಿಮಿಷಗಳ ಲೆಕ್ಕ, ಅಷ್ಟೇ. ಓದುವ ಅಧಿಕಾರಿಗೆ ಅದು ದೀರ್ಘ ಸಂಭಾಷಣೆಯಂತೆ ತೋರಬಹುದು. ನಾನು ಮಾತ್ರ ಆ ಒಂಬತ್ತು ರಾತ್ರಿಗಳ ನಂತರ ಅವರ ದಾಂಪತ್ಯದ ವಿಷಯದಲ್ಲಿ ಚಿಂತಿಸುವುದನ್ನು ಬಿಟ್ಟೆ.

ಆಗಸ್ಟಿನಲ್ಲಿ ಸಂದರ್ಶನಕ್ಕೆ ಕರೆ ಬಂದಿತು. ಬಾಂದ್ರಾ-ಕುರ್ಲಾ ಸಂಕೀರ್ಣದ ಆ ಕಟ್ಟಡದೊಳಕ್ಕೆ ಮೊಬೈಲ್ ಒಯ್ಯುವಂತಿಲ್ಲ. ಅವಳದನ್ನು ಹಿಡಿದುಕೊಂಡು ನಾನು ಹೊರಗೆ ನಿಂತೆ. ಸಂಬಂಧ ಕೂಡಿಬಂದದ್ದು ಹೇಗೆ, ಪತಿ ಕೊನೆಯ ಬಾರಿ ಬಂದದ್ದು ಯಾವಾಗ, ಅವರ ಉದ್ಯೋಗವೇನು ಎಂದು ಕೇಳಿ, ಎರಡು ಚಿತ್ರಗಳನ್ನು ತಿರುವಿ, ಹತ್ತು ನಿಮಿಷದಲ್ಲಿ ಅಧಿಕಾರಿಣಿ ಒಪ್ಪಿಗೆಯಿತ್ತರಂತೆ.

ಇದರಲ್ಲೊಂದು ವಿಚಿತ್ರವಿದೆ. ಅಮೆರಿಕವನ್ನು ಪ್ರವೇಶಿಸುವಾಗ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಎರಡೇ ವರ್ಷದ ಷರತ್ತುಬದ್ಧ ಕಾರ್ಡ್ ದೊರೆಯುತ್ತದೆ. ಅದರ ಅವಧಿ ಮುಗಿಯುವ ಮುನ್ನ ದಾಂಪತ್ಯದ ಪುರಾವೆಗಳನ್ನು ಮತ್ತೊಮ್ಮೆ ಒಪ್ಪಿಸಬೇಕು. ಎರಡು ವರ್ಷ ದಾಟಿದ್ದರೆ ನೇರವಾಗಿ ಹತ್ತು ವರ್ಷದ ಕಾರ್ಡ್. ಕಾಯಿಸಿ ಕಾಯಿಸಿಯೇ ಇವರ ಮದುವೆ ಎರಡನೆಯ ಗುಂಪಿಗೆ ಸೇರಿತ್ತು! ಅಷ್ಟರವರೆಗೆ ಇವರು ಒಂದೇ ಸೂರಿನಡಿ ಇದ್ದದ್ದು ಆರು ವಾರ. ಆದರೂ ಕಾನೂನಿನ ಲೆಕ್ಕ ತಪ್ಪೆಂದು ನನಗೆ ತೋರಲಿಲ್ಲ. ಉಳಿದ ದಿನಗಳಲ್ಲಿಯೂ ಅವರು ಸಂಸಾರವನ್ನೇ ಮಾಡಿದ್ದರು. ಒಂದು ಅರ್ಜಿಯನ್ನು ಇಬ್ಬರೂ ಕೂಡಿ ತಿದ್ದುವುದು, ಒಬ್ಬರು ಕಂಗೆಟ್ಟಾಗ ಇನ್ನೊಬ್ಬರು ಗಟ್ಟಿಯಾಗಿರುವುದು ಸಂಸಾರವಲ್ಲದೆ ಮತ್ತೇನು?

ಈಗ ಈ ಹಾದಿಯಲ್ಲಿರುವ ನನ್ನ ಮಕ್ಕಳಂಥ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೇ. ಮದುವೆಯ ನೋಂದಣಿಯನ್ನು ತಡಮಾಡಬೇಡಿ. ಎಲ್ಲ ದಾಖಲೆಗಳಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಕಾಯುತ್ತಿರುವ ಹುಡುಗಿಯನ್ನು "ಇನ್ನೂ ಹೊರಡಲಿಲ್ಲವೇ?" ಎಂದು ಯಾರೂ ಕೇಳಬೇಡಿ, ಊಟವಾಯಿತೇ ಎಂದು ಕೇಳಿ.