ಬೀಗದ ಕೋಣೆಯ ಕಂಪ್ಯೂಟರುಗಳು: ಅರೇಹಳ್ಳಿ ಟಿಪ್ಪಣಿಗಳು

ಅರ್ಥವಾಗದ್ದನ್ನೇ ಮೊದಲು ಬರೆದಿಡುತ್ತೇನೆ. ದುಡ್ಡು ಕೊಡಬೇಕಿಲ್ಲ. ಕನ್ನಡ ಬರುತ್ತದೆ. ನೆಟ್‌ವರ್ಕ್ ಸಿಗದ ತೋಟದ ಮನೆಯಲ್ಲೂ ನಡೆಯುತ್ತದೆ. ಪೆನ್‌ಡ್ರೈವ್‌ನಿಂದ ಹತ್ತುವ ವೈರಸ್ಸಿನ ಕಾಟ ತೀರಾ ಕಡಿಮೆ. ಇಷ್ಟೆಲ್ಲ ಇದ್ದೂ ಬೇಲೂರು ತಾಲ್ಲೂಕಿನ ಅರೇಹಳ್ಳಿ ಸುತ್ತಮುತ್ತ, ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕಬಹುದಾದ ಲಿನಕ್ಸ್ ಬಗ್ಗೆ ವಿಚಾರಿಸಿದರೆ ಹೆಚ್ಚಿನವರು ಹೆಸರನ್ನೇ ಕೇಳಿಲ್ಲ. ಕೇಳಿದ ಕೆಲವರು ಕೂಡ, ಅದು ಹಾಸನಕ್ಕೆ ಹೋಗಿ ಇಂಜಿನಿಯರಿಂಗ್ ಓದುವವರ ಬಾಬತ್ತು ಎಂದು ಮಾತು ಮುಗಿಸುತ್ತಾರೆ. ಮಕ್ಕಳಿಗೆಂದೇ ಮಾಡಿದ ಲಿನಕ್ಸ್ ಇದೆ ಎಂದರೆ ನಂಬುವುದಿಲ್ಲ.

◆

ಇದೆ, ಇವತ್ತು ನಿನ್ನೆಯದಲ್ಲ. ನಾರ್ವೆಯವರು 2001ರಲ್ಲೇ ಶಾಲೆಗಳಿಗಾಗಿ ‘ಸ್ಕೋಲೆಲಿನಕ್ಸ್’ ಶುರುಮಾಡಿದರು. ಉಬುಂಟು ಎಂಬ ಲಿನಕ್ಸಿನ ಶಾಲಾ ರೂಪವಾದ ‘ಎಡುಬುಂಟು’ 2005ರಲ್ಲಿ ಬಂತು. ನಡುವೆ ನೋಡಿಕೊಳ್ಳುವವರಿಲ್ಲದೆ ಕೆಲವು ವರ್ಷ ನಿಂತುಹೋಗಿ, 2023ರಲ್ಲಿ ಮತ್ತೆ ಎದ್ದಿತು. ಪುಟ್ಟ ಮಕ್ಕಳಿಗೆ, ಪ್ರಾಥಮಿಕದವರಿಗೆ, ಪ್ರೌಢಶಾಲೆಗೆ, ಕಾಲೇಜಿಗೆ ಎಂದು ತಂತ್ರಾಂಶಗಳನ್ನು ಬೇರೆಬೇರೆ ಕಟ್ಟಾಗಿ ಕೊಡುತ್ತದೆ.

ಈ ತಂತ್ರಾಂಶಗಳಲ್ಲಿ ಬಹುಪಾಲು ವಿಂಡೋಸ್‌ನಲ್ಲೂ ಓಡುತ್ತವೆ ಎನ್ನುವುದನ್ನು ಮುಚ್ಚಿಡಬಾರದು. ಹಾಗಿದ್ದರೆ ಲಿನಕ್ಸೇ ಯಾಕೆ? ಹುಡುಕಿ ಹುಡುಕಿ ಒಂದೊಂದನ್ನೇ ಹಾಕಿಕೊಳ್ಳುವ ತಾಳ್ಮೆ ಇಲ್ಲಿ ಯಾರಿಗಿದೆ? ಎಲ್ಲವೂ ಒಟ್ಟಿಗೇ ಬಂದು ಕೂತಿದ್ದರೆ ಮಗು ತಾನಾಗಿಯೇ ತೆರೆದು ನೋಡುತ್ತದೆ. ಲೈಸೆನ್ಸಿನ ತಕರಾರೂ ಇಲ್ಲ, ಒಬ್ಬರ ಪ್ರತಿಯನ್ನು ಊರಿಗೆಲ್ಲ ಹಂಚಬಹುದು.

◆

ಪರಿಚಯದವರ ಮನೆ, ಕಾಫಿ ತೋಟದ ಅಂಚು. ನಾಲ್ಕನೇ ತರಗತಿಯ ಹುಡುಗಿ. ಕೋವಿಡ್ ಕಾಲದಲ್ಲಿ ಅಕ್ಕನ ಆನ್‌ಲೈನ್ ಕ್ಲಾಸಿಗೆಂದು ತಂದ ಲ್ಯಾಪ್‌ಟಾಪ್ ಬೀರುವಿನ ಮೇಲಿತ್ತು. ಪೆನ್‌ಡ್ರೈವ್ ಚುಚ್ಚಿ, ಒಳಗಿನದೇನನ್ನೂ ಮುಟ್ಟದೆ, ಅದರಿಂದಲೇ ಲಿನಕ್ಸ್ ಏಳಿಸಿ ಕೊಟ್ಟೆ. ‘ಟಕ್ಸ್ ಪೇಂಟ್’ ತೆರೆದು ಬಣ್ಣ ಬಳಿಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಕೈ ನಿಲ್ಲಿಸಿ ಕೇಳಿದಳು: “ಚಿಕ್ಕಪ್ಪ, ಇದರಲ್ಲಿ ಆ್ಯಡ್ ಬರಲ್ವಾ?”

ಬರುವುದಿಲ್ಲ ಎಂದೆ. ನಂಬಲಿಲ್ಲ. ಇನ್ನಷ್ಟು ಹೊತ್ತು ಕಾದಳು. ಫೋನಿನಲ್ಲಿ ಆಟವೆಂದರೆ ನಡುನಡುವೆ ಜಾಹೀರಾತು ಬಂದೇ ಬರಬೇಕು, ಅದು ಮುಗಿಯುವವರೆಗೆ ಸುಮ್ಮನೆ ಕೂರಬೇಕು ಎಂಬುದು ಒಂಬತ್ತು ವರ್ಷಕ್ಕೇ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಮಗುವಿನ ಗಮನವನ್ನು ಯಾರಿಗೂ ಮಾರದ ಒಂದು ಪರದೆ ಇರಬಹುದು ಎಂಬುದನ್ನು ಅವಳು ಅವತ್ತೇ ಮೊದಲು ಕಂಡದ್ದು. ಲಿನಕ್ಸ್ ಬಗ್ಗೆ ನಾನು ಓದಿದ ಯಾವ ವಾದಕ್ಕಿಂತಲೂ ಈ ಪ್ರಶ್ನೆ ದೊಡ್ಡದೆನಿಸುತ್ತದೆ.

ಅವಳ ಅಮ್ಮನ ಚಿಂತೆ ಬೇರೆ: “ಸ್ಕೂಲಲ್ಲಿ ಇದನ್ನ ಹೇಳ್ಕೊಡಲ್ವಲ್ಲ, ಮುಂದೆ ತೊಂದ್ರೆ ಆಗಲ್ವಾ?” ಸ್ಕೂಲಲ್ಲಿ ಏನು ಹೇಳಿಕೊಡುತ್ತಾರೆ ಎಂದು ಕೇಳಿದೆ. “ಇನ್ನೂ ಏನೂ ಶುರು ಮಾಡಿಲ್ಲ” ಎಂದರು.

◆

ಈ ಕಡೆಯ ಒಂದು ಪ್ರೌಢಶಾಲೆ. ಕಂಪ್ಯೂಟರ್ ಕೋಣೆ ಇದೆ, ಬೀಗ ಹಾಕಿದೆ. ಯುಪಿಎಸ್ ಬ್ಯಾಟರಿಗಳು ಸತ್ತಿವೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವಂತಿಲ್ಲ. ಆದರೆ ಬೀಗಕ್ಕೆ ಮುಖ್ಯ ಕಾರಣ ಇವೆರಡೂ ಅಲ್ಲವಂತೆ, ಸ್ಟಾಕ್ ರಿಜಿಸ್ಟರ್. ಸಾಮಾನು ಯಾರ ಹೆಸರಿನಲ್ಲಿದೆಯೋ ಅವರೇ ಜವಾಬ್ದಾರರು. ಮೌಸ್ ಕಳೆದರೂ ಕೆಟ್ಟರೂ ಅವರೇ ಉತ್ತರ ಕೊಡಬೇಕು. ಬಳಸದಿದ್ದರೆ ಮಾತ್ರ ಯಾರೂ ಏನೂ ಕೇಳುವುದಿಲ್ಲ. ಇಂಥ ಲೆಕ್ಕದಲ್ಲಿ ಬೀಗ ಹಾಕಿದ ಮೇಷ್ಟ್ರನ್ನು ಹೇಗೆ ದೂರುವುದು?

ಅದೇ ಶಾಲೆಯ ಗಣಿತದ ಮೇಷ್ಟ್ರು ತಮ್ಮದೇ ಲ್ಯಾಪ್‌ಟಾಪ್ ಹೊತ್ತು ತರಗತಿಗೆ ಹೋಗುತ್ತಾರೆ. ಅದರಲ್ಲಿ ಉಬುಂಟು, ರೇಖಾಗಣಿತದ ಚಿತ್ರ ಬರೆಯುವ ಜಿಯೋಜೀಬ್ರಾ. ಒಂದು ಚೌಕ ಬರೆದು, ಅದರ ಕೇಂದ್ರದ ಸುತ್ತ 45 ಡಿಗ್ರಿ ತಿರುಗಿಸಿ ಇನ್ನೊಂದನ್ನು ಇಟ್ಟರು: ಎಂಟು ಮೂಲೆಯ ನಕ್ಷತ್ರ. ಆಮೇಲೆ ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸಿ ಒಟ್ಟು ನಾಲ್ಕು ಚೌಕ ಮಾಡಿದಾಗ ಹದಿನಾರು ಮೂಲೆ. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: “ಸಾರ್, ಬೇಲೂರು ದೇವಸ್ಥಾನದ ಕಟ್ಟೆ!” ಆ ಊಹೆಗೆ ಮೇಷ್ಟ್ರು ಹಿಗ್ಗಿದರು. ಹೊಯ್ಸಳ ಶಿಲ್ಪಿಗಳ ನಕ್ಷತ್ರಾಕಾರದ ತಳವಿನ್ಯಾಸವನ್ನು ವಿದ್ವಾಂಸರು ವಿವರಿಸುವುದೂ ಚೌಕವನ್ನು ತಿರುಗಿಸುವ ಈ ಲೆಕ್ಕದಿಂದಲೇ. 1117ರ ಚೆನ್ನಕೇಶವ ದೇವಾಲಯದ ಜಗತಿಯನ್ನು, ಅಂದರೆ ಆ ಕಟ್ಟೆಯನ್ನು, ಈ ಮಕ್ಕಳು ಎಷ್ಟು ಸಲ ಸುತ್ತಿದ್ದಾರೋ. ಅದರ ಅಂಚಿನೊಳಗೆ ಕೋನಗಳ ಗಣಿತ ಇದೆ ಎಂದು ತಿಳಿದದ್ದು ಅವತ್ತು. ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಊರೆಲ್ಲ ಸಂಭ್ರಮಿಸಿದೆವು. ನನಗೆ ಆ ಹುಡುಗನ ಕೂಗು ಅಷ್ಟೇ ದೊಡ್ಡ ಸಂಗತಿ.

ಒಂದು ಕಡೆ ಬೀಗ, ಇನ್ನೊಂದು ಕಡೆ ಹೆಗಲ ಮೇಲಿನ ಲ್ಯಾಪ್‌ಟಾಪ್. ಒಂದೇ ಕಟ್ಟಡದಲ್ಲಿ.

◆

ಮೇಷ್ಟ್ರು ಇದನ್ನು ಕಲಿತದ್ದು ಎಲ್ಲಿ? ‘ವಿಷಯ ಶಿಕ್ಷಕರ ವೇದಿಕೆ’ಯ ತರಬೇತಿಯಲ್ಲಿ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಜೊತೆ ಸೇರಿ ನಡೆಸಿದ ಕೆಲಸ ಅದು. ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ಉಬುಂಟು, ಜಿಯೋಜೀಬ್ರಾ, ಭೂಗೋಳಕ್ಕೆ ‘ಮಾರ್ಬಲ್’, ಪರಿಕಲ್ಪನಾ ನಕ್ಷೆಗೆ ‘ಫ್ರೀಮೈಂಡ್’ ಕಲಿಸಿದರು. ಶಿಕ್ಷಕರೇ ಪಾಠದ ಸಾಮಗ್ರಿ ಬರೆದು ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ವಿಕಿ ಕಟ್ಟಿದರು.

ಅಂದರೆ ನಮ್ಮ ರಾಜ್ಯದಲ್ಲಿ ಇದು ಆಗದ ಕೆಲಸವಲ್ಲ, ಆಗಿದೆ. ಹಾಗಿದ್ದೂ ಕಲಿತ ಮೇಷ್ಟ್ರು ವರ್ಗವಾದರೆ ಲಿನಕ್ಸೂ ಅವರ ಜೊತೆಯೇ ಬಸ್ಸು ಹತ್ತುತ್ತದೆ. ಶಾಲೆಯಲ್ಲಿ ಏನೂ ಉಳಿಯುವುದಿಲ್ಲ. ಯಾಕೆ?

◆

ಇದಕ್ಕೆ ಉತ್ತರ ಕಾಸರಗೋಡಿನಲ್ಲಿದೆ ಎನಿಸುತ್ತದೆ. ಅಲ್ಲಿನ ಕನ್ನಡ ಮಾಧ್ಯಮದ ಶಾಲೆಗಳಲ್ಲೂ ಕೇರಳ ಸರ್ಕಾರದ ಲಿನಕ್ಸ್ ಇದೆ. ‘ಐಟಿ@ಸ್ಕೂಲ್’ ಯೋಜನೆ ಶುರುವಾದದ್ದು 2001ರಲ್ಲಿ. 2017ರಲ್ಲಿ ಅದೇ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟುವನ್ನು ತಮ್ಮ ಪಠ್ಯಕ್ಕೆ ಹೊಂದಿಸಿ ‘ಕೈಟ್ ಗ್ನೂ/ಲಿನಕ್ಸ್’ ಮಾಡಿ ಶಾಲೆಗಳಿಗೆ ಕೊಡುತ್ತಾರೆ. 2019ರ ಆವೃತ್ತಿ ಬಂದಾಗ, ಎರಡು ಲಕ್ಷ ಕಂಪ್ಯೂಟರುಗಳಿಗೆ ಲೈಸೆನ್ಸ್ ಕೊಳ್ಳುವ 3000 ಕೋಟಿ ರೂಪಾಯಿ ಉಳಿಯಿತು ಎಂದು ಕೈಟ್ ಲೆಕ್ಕ ಕೊಟ್ಟಿತ್ತು.

ಆ ಉಳಿತಾಯಕ್ಕಿಂತ ನನ್ನ ಕಣ್ಣು ಹೋಗುವುದು ಬೇರೆ ಕಡೆ. ಅಲ್ಲಿ ಮಾಹಿತಿ ತಂತ್ರಜ್ಞಾನ ಒಂದು ವಿಷಯ. ಅದಕ್ಕೆ ಕನ್ನಡದಲ್ಲೂ ಅಚ್ಚಾದ ಪಠ್ಯಪುಸ್ತಕವಿದೆ, ವೇಳಾಪಟ್ಟಿಯಲ್ಲಿ ಪೀರಿಯಡ್ ಇದೆ, ಎಸ್ಸೆಸ್ಸೆಲ್ಸಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬರೆಯುವ ಪರೀಕ್ಷೆ ಇದೆ. ಪರೀಕ್ಷೆ ಇದ್ದಮೇಲೆ ಕೋಣೆಗೆ ಬೀಗ ಹಾಕಲು ಯಾರಿಗೂ ಧೈರ್ಯವಿಲ್ಲ. ನಮ್ಮಲ್ಲಿ ಎಲ್ಲ ಮಕ್ಕಳೂ ಬರೆಯಬೇಕಾದ ಅಂಥ ಪರೀಕ್ಷೆ ಇಲ್ಲ. ಪರೀಕ್ಷೆಯ ಮೇಲೆ ನನಗೆ ಪ್ರೀತಿಯೇನಿಲ್ಲ. ಆದರೆ ಬೇಲೂರು ತಾಲ್ಲೂಕಿನ ಕನ್ನಡದ ಮಗುವಿಗೆ ಸಿಗದ್ದು ಕಾಸರಗೋಡಿನ ಕುಂಬಳೆಯ ಕನ್ನಡದ ಮಗುವಿಗೆ ಸಿಗುತ್ತಿದೆ ಎಂಬುದು ಎಣಿಸಿದಷ್ಟೂ ನೋಯಿಸುತ್ತದೆ.

◆

‘ನುಡಿ’, ಕನ್ನಡ ಟೈಪಿಸುವ ತಂತ್ರಾಂಶ. ಶಾಲೆಗಳು ಲಿನಕ್ಸಿಗೆ ಬರಲು ದೊಡ್ಡ ಅಡಚಣೆ ಇದು ಎಂದು ಊಹಿಸಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆ, ಸುತ್ತೋಲೆ, ಅಂಕಪಟ್ಟಿ ಎಲ್ಲ ಹಳೆಯ ನುಡಿ ಫಾಂಟಿನಲ್ಲಿವೆ. ಲಿನಕ್ಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿಂದಿ. “ನೋಡಿ ಸಾರ್, ಕನ್ನಡವೇ ಬರಲ್ಲ” ಎಂದು ಕ್ಲರ್ಕ್ ತೀರ್ಪು ಕೊಟ್ಟರು. ನುಡಿಯ ಫಾಂಟ್ ಕಡತವನ್ನು ನಕಲಿಸಿ ಹಾಕಿದರೆ ಅದೇ ಪುಟ ಕನ್ನಡವಾಗಿ ಕಾಣುತ್ತದೆ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳೂ ಇವೆ. ಹೊಸದಾಗಿ ಟೈಪಿಸಲು ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸ್ ಒಳಗೇ ಇದೆ. ಬೆರಳಿನ ರೂಢಿ ಹೆಚ್ಚೇನೂ ಬದಲಾಗಬೇಕಿಲ್ಲ. ಗುಬ್ಬಿ, ನವಿಲು ಫಾಂಟುಗಳು ಉಚಿತ. ಸರ್ಕಾರ ಯುನಿಕೋಡ್ ಒಪ್ಪಿದ್ದು 2012ರಲ್ಲಿ. ಇಷ್ಟು ವರ್ಷವಾದರೂ ಊರಿನ ಡಿಟಿಪಿ ಅಂಗಡಿಯಲ್ಲಿ ಹಳೆಯದೇ ನಡೆಯುತ್ತಿದೆ.

◆

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರೇಹಳ್ಳಿಯಲ್ಲಿ ನಕ್ಷತ್ರ ಕಾಣುವುದು ಅಪರೂಪ. ಆದರೆ ಆಕಾಶದ ನಕ್ಷೆ ತೋರಿಸುವ ‘ಸ್ಟೆಲ್ಲೇರಿಯಂ’ ತಂತ್ರಾಂಶದಲ್ಲಿ ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ಮೋಡದ ಹಿಂದೆ ಆ ಹೊತ್ತಿಗೆ ಏನಿದೆಯೋ ಅದೆಲ್ಲ ಪರದೆಯ ಮೇಲೆ. ಮಳೆ ಹೊಡೆಯುತ್ತಿದ್ದ ಒಂದು ಸಂಜೆ ಆ ನಾಲ್ಕನೇ ತರಗತಿಯ ಹುಡುಗಿಯ ಅಜ್ಜ ಸ್ವಾತಿ, ಚಿತ್ತ, ವಿಶಾಖ ಎಲ್ಲಿವೆ ಎಂದು ಕೇಳಿ ಕೇಳಿ ತೋರಿಸಿಕೊಂಡರು. ಮಳೆ ನಕ್ಷತ್ರಗಳ ಹೆಸರು ಬಾಯಲ್ಲಿತ್ತು, ಜಾಗ ಗೊತ್ತಿರಲಿಲ್ಲ.

◆

ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಭದ್ರತಾ ನವೀಕರಣ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಕೋವಿಡ್ ಕಾಲದಲ್ಲಿ ಕೊಂಡ ಹಳೆಯ, ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ವಿಂಡೋಸ್ 11ಕ್ಕೆ ಏರುವುದಿಲ್ಲ. ಅವನ್ನು ಗುಜರಿಗೆ ಹಾಕಬೇಡಿ, ಲಿನಕ್ಸ್ ಓಡಿಸಬಹುದು. ಎಡುಬುಂಟುವಿಗೆ ನಾಲ್ಕು ಜಿಬಿ ರ್‍ಯಾಮ್ ಆದರೂ ಬೇಕು; ಅದಕ್ಕಿಂತ ಕಡಿಮೆ ಇದ್ದರೆ ಲುಬುಂಟುವಿನಂಥ ಹಗುರ ರೂಪ ಹಾಕಿ, ಬೇಕಾದ ತಂತ್ರಾಂಶ ಸೇರಿಸಿಕೊಳ್ಳಬಹುದು. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಮಕ್ಕಳ ಕೈಗೆ ಕೊಟ್ಟು ನೋಡಿ. ಒಪ್ಪಿಗೆಯಾದರೆ ಫೋಟೊ, ಕಡತಗಳನ್ನು ಬೇರೆ ಕಡೆ ಉಳಿಸಿಟ್ಟುಕೊಂಡು ಆಮೇಲೆ ಲಿನಕ್ಸ್ ಹಾಕಿ.

ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗುವ ತಂದೆತಾಯಂದಿರಲ್ಲಿ ಒಂದು ಕೋರಿಕೆ. ಕಂಪ್ಯೂಟರ್ ಎಷ್ಟಿವೆ ಎಂದು ಕೇಳಬೇಡಿ. ವಾರಕ್ಕೆ ಎಷ್ಟು ಪೀರಿಯಡ್ ಕೋಣೆ ತೆರೆದಿರುತ್ತದೆ ಎಂದು ಕೇಳಿ. ಮಕ್ಕಳು ಬಳಸುವಾಗ ಮೌಸ್ ಕೆಟ್ಟರೆ ಅದರ ಹೊಣೆ ಸಮಿತಿಯದು, ಮೇಷ್ಟ್ರದಲ್ಲ ಎಂದು ನಡಾವಳಿಯಲ್ಲಿ ಬರೆಸಿ ಸಹಿ ಹಾಕಿ.